ಕೆಳಗಿನ ಓಣಿಯ ರಕ್ತ

ಫ್ಯಾನು ಸುತ್ತಿಗೊಮ್ಮೆ ಕಿರ್ರೆನ್ನುತ್ತದೆ, ಎಣ್ಣೆ ಕಂಡು ಯಾವ ಕಾಲವಾಯಿತೋ, ಹೊಲಿಗೆ ಯಂತ್ರವಾಗಿದ್ದರೆ ಅವಳೇ ಎದ್ದು ಎರಡು ಹನಿ ಬಿಡುತ್ತಿದ್ದಳು, ಆದರೆ ಇದು ಆಸ್ಪತ್ರೆ, ಗಂಡಸರ ವಾರ್ಡಿನ ಹೊರಗಿನ ಬೆಂಚು, ಮಟಮಟ ಮಧ್ಯಾಹ್ನ, ಒಳಗೆ ಮೂರನೇ ಹಾಸಿಗೆಯ ಮೇಲೆ ಗಂಡ ಮಲಗಿದ್ದಾನೆ, ಅವನ ಎಡಗೆನ್ನೆಯಿಂದ ಕಿವಿಯವರೆಗೆ ಇಸ್ತ್ರಿ ಪೆಟ್ಟಿಗೆಯ ಚೂಪು ಮೂತಿ ಅಚ್ಚೊತ್ತಿದೆ — ಒತ್ತಿದವಳು ಅವಳೇ. ಎರಡು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನಿಂದ ಸುಟ್ಟ ಕೂದಲಿನ ನಾತ ಹೋಗಿಲ್ಲ, ಮೂಗಿನ ಹತ್ತಿರ ತರುತ್ತಾಳೆ, ಸರಕ್ಕನೆ ಸೆರಗಿನಲ್ಲಿ ಬಚ್ಚಿಡುತ್ತಾಳೆ, ಮತ್ತೆ ತರುತ್ತಾಳೆ. ಪೊಲೀಸಿನವನು ಆಗಲೇ ಬಂದು ಕೇಳಿ ಹೋಗಿದ್ದಾನೆ, ಯಾರಮ್ಮ ಹೊಡೆದಿದ್ದು, ನಾನೇ ಸಾರ್, ಯಾಕಮ್ಮ, ಅವರು ರಾಡು ಎತ್ತಿದ್ರು ಸಾರ್, ಅವನು ಪೆನ್ನು ನಿಲ್ಲಿಸಿ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಇಷ್ಟು ಸಣ್ಣ ಕೈಯಿಂದಲಾ ಅನ್ನುವ ಹಾಗೆ, ಹೌದು ಕಣಪ್ಪ, ದಿನಕ್ಕೆ ಎಂಟು ಗಂಟೆ ಆ ಪೆಟ್ಟಿಗೆ ಎಳೆದಾಡುವ ಕೈ ಇದು, ಬಡವರ ಕೈಗೆ ಬಲ ಎಲ್ಲಿಂದ ಬರುತ್ತದೆ ಅಂತ ನಿನ್ನ ಪುಸ್ತಕದಲ್ಲಿ ಬರೆದಿರುವುದಿಲ್ಲ.

ರಾಡು ಎತ್ತಿದ್ರು ಸಾರ್. ಎತ್ತಿದ್ದು ಹೌದು, ಎಲ್ಲರೂ ನೋಡಿದ್ದಾರೆ. ಎತ್ತುವ ಮನುಷ್ಯನಲ್ಲ ಅವನು, ಮಗಳು ಹುಟ್ಟಿದಾಗ ಎಲ್ಲಿ ಜಾರಿ ಬೀಳುತ್ತಾಳೋ ಅಂತ ಮೂರು ದಿನ ಮುಟ್ಟದೆ ನಿಂತವನು, ಈಗ ಅವಳಿಗೆ ಆರು ತುಂಬಿದೆ, ಹೋದ ವರ್ಷ ಬರುತ್ತಿದ್ದ ಅಕ್ಷರ ಈ ವರ್ಷ ಬರುವುದಿಲ್ಲ, ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುಡುತ್ತಾಳೆ, ಶಾಲೆಯ ಟೀಚರು ಆ ಓಣಿಯ ಮಕ್ಕಳ ತಲೆಯೇ ಅಷ್ಟು ಬಿಡ್ರಿ ಅಂದುಬಿಟ್ಟಳು, ಮೇಲಿನ ಓಣಿಯ ಮಕ್ಕಳ ತಲೆಯನ್ನು ಬೇರೆ ಮಣ್ಣಿನಿಂದ ಮಾಡಿದ್ದಾರೇನೋ, ಗಾಳಿ ಮಾತ್ರ ಬೇರೆ, ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಭಟ್ಟಿಯ ಹೊಗೆ ಬೆಳಗಾದರೆ ನೇರ ಕೆಳಗಿನ ಓಣಿಗೇ ಇಳಿಯುತ್ತದೆ, ಹೇಳಿ ಕಳಿಸಿದ ಹಾಗೆ. ಎರಡು ವರ್ಷದ ಹಿಂದೆ, ಮಕ್ಕಳ ಮೈಯಲ್ಲಿ ಸೀಸ ಎಷ್ಟಿದೆ ನೋಡಲು, ಡಾಕ್ಟರಮ್ಮ ಒಬ್ಬಳು ಓಣಿಯ ನಕ್ಷೆ ಸುರುಳಿ ಸುತ್ತಿಕೊಂಡು ಬಂದಾಗ ಓಣಿಯ ಹೆಂಗಸರು ಸುಮ್ಮನೆ ಬಿಟ್ಟಿರಲಿಲ್ಲ, ನಮ್ಮ ಮಕ್ಕಳಿಗೆ ಸೂಜಿ ಚುಚ್ಚಿ ನೀವು ಪುಸ್ತಕ ಬರ್ಕೊಂಡು ಹೋಗ್ತೀರಿ, ಆಮೇಲೆ ನಾವು ಯಾರ ಮುಖ ನೋಡ್ಬೇಕು, ಕೇಳಿದವಳು ಶಾಲೆಯ ಆಯಾ, ಅವಳ ಬಾಯಿಗೆ ಊರೇ ಹೆದರುತ್ತದೆ. ಡಾಕ್ಟರಮ್ಮ ನಕ್ಕಳು, ಹಾಗಾದ್ರೆ ನೀವೇ ಕಲೀರಿ, ನೀವೇ ಕೇಳಿ, ಏನೇ ತಿಳಿದರೂ ಮೊದಲು ನಿಮ್ಮ ಕೈಗೆ, ಆಮೇಲೆ ನನ್ನ ಪುಸ್ತಕಕ್ಕೆ. ಹನ್ನೊಂದು ಜನ ಕಲಿತರು, ಅವರಲ್ಲಿ ಇವಳೂ ಒಬ್ಬಳು, ಮನೆಮನೆಯ ಕಿಟಕಿ ಕಟ್ಟೆ ಒರೆಸಿ ಧೂಳು ಕಟ್ಟಿಟ್ಟರು, ಯಾರಿಗೆ ಹೊಟ್ಟೆನೋವು, ಯಾರಿಗೆ ಬಸಿರು ನಿಲ್ಲುತ್ತಿಲ್ಲ, ಯಾವ ಮಗು ನಡುಗುತ್ತದೆ, ಕೇಳಿ ಕೇಳಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ, ಇಷ್ಟು ದಿನ ತನ್ನೊಬ್ಬಳ ಹಣೆಬರಹ ಅಂದುಕೊಂಡದ್ದು ಸಾಲಾಗಿ ನಲವತ್ತು ಮನೆಯಲ್ಲೂ ಕೂತಿತ್ತು. ರಕ್ತ ಪರೀಕ್ಷೆಯ ಮಾತು ಬಂದಾಗ ಭಟ್ಟಿಯ ಗಂಡಸರು ಮಾತ್ರ ಒಬ್ಬರೂ ತೋಳು ಕೊಡಲು ಒಪ್ಪಲಿಲ್ಲ. ರಕ್ತ ಕೊಟ್ಟೋನು ಗೇಟಿನ ಹತ್ರ ಬರೋದು ಬೇಡ ಅಂತ ಮೇಸ್ತ್ರಿ ಅಂದಿದ್ದ. ಅಲ್ಲೇ ದುಡಿಯುವ ಗಂಡನೂ ಅದನ್ನೇ ತಂದು ಮನೆಯಲ್ಲಿ ಉಗುಳಿದ, ಭಟ್ಟಿ ಮುಚ್ಚಿದ್ರೆ ಒಲೆ ಮೇಲೆ ಏನಿಡ್ತೀಯಾ, ನಿನ್ನ ಕತ್ತರೀನಾ? ಮಗಳ ತಲೆ ಖಾಲಿ ಆದ್ಮೇಲೆ ಒಲೆ ಉರಿದ್ರೆಷ್ಟು ಬಿಟ್ರೆಷ್ಟು ರೀ. ಅವನು ತಟ್ಟೆ ತಳ್ಳಿ ಎದ್ದುಹೋದ, ಅದು ನಿನ್ನೆಯ ಮಾತು.

ಇವತ್ತು ಬೆಳಿಗ್ಗೆ ಅವಳ ಹೊಲಿಗೆ ಕೋಣೆಯಲ್ಲೇ ರಕ್ತ ತೆಗೆದದ್ದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಸೂಜಿ ಕಂಡು ಕಿರುಚುವ ಮಕ್ಕಳನ್ನು ತಾಯಂದಿರು ಅದುಮಿ ಹಿಡಿದದ್ದು, ತನ್ನ ಮಗಳ ಮೊಣಕೈಯನ್ನು ಅವಳೂ ಅದುಮಿ ಹಿಡಿದಿದ್ದಳು, ಅಮ್ಮಾ ಬಿಡು ಅಮ್ಮಾ ಬಿಡು, ಆಯ್ತು ಬಂಗಾರ ಆಯ್ತು, ಕಡುಗೆಂಪು ರಕ್ತ ಸಣ್ಣ ಟ್ಯೂಬಿಗೆ ಏರಿತು, ಐಸ್ ಪೆಟ್ಟಿಗೆಯಲ್ಲಿ ಹೋಗಿ ಕೂತಿತು, ಎಲ್ಲ ಮುಗಿದು ಮಕ್ಕಳನ್ನು ಕಳಿಸಿಯಾಗಿತ್ತು, ಬರೇ ಎಂಟು ಜನ ಹೆಂಗಸರಿದ್ದರು, ಯೂನಿಫಾರಮ್ಮಿನ ಕಾಲರು ಬಾಕಿ ಇದೆಯಲ್ಲ ಅಂತ ಅವಳು ಇಸ್ತ್ರಿ ಕಾಯಲು ಹಾಕಿದ್ದಳು — ಬಾಗಿಲು ಒದ್ದರು. ಒಂದೇ ಒದೆತಕ್ಕೆ ಚಿಲಕ ಕಿತ್ತುಬಂತು. ಮೇಸ್ತ್ರಿ ಮುಂದೆ, ಹಿಂದೆ ಭಟ್ಟಿಯ ಹತ್ತು ಹನ್ನೆರಡು ಜನ, ಎಲ್ಲರೂ ಗುರುತಿನವರು, ಅಲ್ಲಿರುವ ಯಾರದೋ ಅಣ್ಣ, ಯಾರದೋ ಮೈದುನ, ಎಲ್ಲರ ಅಂಗಿಗೂ ಅವಳೇ ಗುಂಡಿ ಹಚ್ಚಿದವಳು, ಕೈಯಲ್ಲಿ ಬ್ಯಾಟರಿ ಒಡೆಯುವ ಕೊಡಲಿ, ರಾಡು, ಮೇಸ್ತ್ರಿ ಡಾಕ್ಟರಮ್ಮನ ಜಡೆ ಹಿಡಿದು ಹಣೆಯನ್ನು ಕನ್ನಡಿಗೆ ಬಡಿದ, ಕನ್ನಡಿ ಚೂರಾಯಿತು, ಯಾರ ಮನೆ ಅನ್ನಕ್ಕೆ ಮಣ್ಣು ಹಾಕ್ತೀಯೇ, ಹೊಲಿಗೆ ಯಂತ್ರ ಮಗುಚಿ ಬಿತ್ತು, ಆಯಾ ಕತ್ತರಿ ಎತ್ತಿಕೊಂಡು ಮೇಸ್ತ್ರಿಯ ತೊಡೆಗೆ ಇಳಿಸಿದಳು, ಇಳಿಸಿ ತಿರುವಿದಳು, ಅವನು ಹಂದಿಯ ಹಾಗೆ ಕಿರುಚಿದ, ಒಬ್ಬ ಆಯಾಳ ಬೆನ್ನಿಗೆ ಸ್ಟೂಲಿನಿಂದ ಬಾರಿಸಿದ, ಇನ್ನೊಬ್ಬನ ಕಿವಿ ಅವನ ಅತ್ತಿಗೆಯ ಹಲ್ಲಲ್ಲಿತ್ತು, ನೆಲದ ತುಂಬ ಗಾಜು, ರಕ್ತ, ನೂಲಿನ ಉಂಡೆ, ಅದರ ನಡುವೆ ಗಂಡ. ಅವನು ಯಾರನ್ನೂ ನೋಡಲಿಲ್ಲ. ನೇರ ಐಸ್ ಪೆಟ್ಟಿಗೆಯ ಕಡೆ ನಡೆದ. ರಕ್ತ ಸುರಿಯುವ ಹಣೆಯ ಡಾಕ್ಟರಮ್ಮ ತೆವಳಿಕೊಂಡು ಬಂದು ಪೆಟ್ಟಿಗೆಯ ಮೇಲೆ ಬೋರಲು ಬಿದ್ದಳು, ಇವನು ರಾಡು ಎತ್ತಿದ, ಬಿಡೋ, ಅಂದಳು ಅವಳು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಂಡನಿಗೆ ಏಕವಚನ, ಬಿಡೋ, ಅದ್ರಲ್ಲಿ ನಿನ್ನ ಮಗಳಿದ್ದಾಳೆ ಕಣೋ, ಇಸ್ತ್ರಿ ಎತ್ತಿ ಎಳೆದ ರಭಸಕ್ಕೆ ಅದರ ವೈರು ಗೋಡೆಯಿಂದ ಕಿತ್ತುಬಂತು, ಕಾದ ಕಬ್ಬಿಣ ಕೆನ್ನೆಗೆ ಕೂತಿತು, ಚುರ್ರೆಂದಿತು, ಅವಳು ತಕ್ಷಣ ಎತ್ತಲಿಲ್ಲ, ಒತ್ತಿದಳು, ಕಾಲರಿನ ಮಡಿಕೆ ಕೂರಲಿ ಅಂತ ಒತ್ತುವ ಹಾಗೆ ಮೈಯ ಭಾರವೆಲ್ಲ ಹಾಕಿ ಒತ್ತಿದಳು, ರಾಡು ನೆಲಕ್ಕೆ ಬಿದ್ದು ಠಣ್ ಎಂದಿತು.

ಐಸ್ ಪೆಟ್ಟಿಗೆ ಉಳಿಯಿತು. ಮೂರು ಟ್ಯೂಬು ಒಡೆದವು, ಮೂವತ್ತೇಳು ಉಳಿದವು, ಆಗಲೇ ಲ್ಯಾಬಿನ ದಾರಿ ಹಿಡಿದಿವೆ. ಹಣೆಗೆ ಐದು ಹೊಲಿಗೆ ಹಾಕಿಸಿಕೊಂಡ ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತಿದ್ದಾಳೆ, ಹೊಲಿಗೆ ನೆಟ್ಟಗಿಲ್ಲ, ನಾನಾಗಿದ್ದರೆ ಇನ್ನೂ ಸಣ್ಣದಾಗಿ ಹಾಕುತ್ತಿದ್ದೆ. ನಿಮ್ಮ ಯಜಮಾನರ ರಕ್ತಾನೂ ನೋಡ್ಬೇಕು ಕಣಮ್ಮ, ಆದ್ರೆ ಅವರೇ ಹೂಂ ಅನ್ನಬೇಕು, ನಿಮ್ಮ ಒಪ್ಪಿಗೆ ಸಾಲದು. ಕೊಲ್ಲೋಕೆ ಬಂದೋರ ಹತ್ರ ಒಪ್ಪಿಗೆ ಕೇಳ್ತೀರಾ? ಕೇಳ್ಬೇಕು, ಅವರೂ ಅದೇ ಓಣಿಯವರಲ್ವಾ. ಇಬ್ಬರೂ ಒಳಗೆ ಹೋದರು. ಅರ್ಧ ಮುಖಕ್ಕೆ ಬಟ್ಟೆ, ಒಂದೇ ಕಣ್ಣು, ಆ ಕಣ್ಣು ಡಾಕ್ಟರಮ್ಮನ ಹಣೆ ನೋಡಿತು, ಆಮೇಲೆ ಹೆಂಡತಿಯನ್ನು, ತುಟಿ ಅಲುಗಿತು, ಮಗು? ಅಕ್ಕನ ಮನೇಲಿದೆ. ಅವಳ ಟ್ಯೂಬು ಒಡೀತಾ? ಇಲ್ಲ ರೀ. ಕಣ್ಣು ಮುಚ್ಚಿತು, ಆಮೇಲೆ ಬಲಗೈ ಹಾಸಿಗೆಯಿಂದ ಮೇಲೆದ್ದಿತು, ತಗೊಳ್ಳಿ — ತೋಳು ಎದ್ದಿತು, ಮೊಣಕೈ ಎದ್ದಿತು, ಮಣಿಕಟ್ಟು ಏಳಲಿಲ್ಲ, ಅಂಗೈ ಒದ್ದೆ ಬಟ್ಟೆಯ ಹಾಗೆ ಕೆಳಗೆ ಜೋತುಬಿತ್ತು. ಬೆರಳು ನೆಟ್ಟಗೆ ಮಾಡಿ ನೋಡೋಣ, ಅಂದಳು ಡಾಕ್ಟರಮ್ಮ, ಆಗಲಿಲ್ಲ. ಎಷ್ಟು ದಿನದಿಂದ? ಒಂದು ತಿಂಗಳಾಯ್ತು, ಲೋಟಾನೂ ನಿಲ್ಲಲ್ಲ. ಸೀಸ ನರಕ್ಕೆ ಇಳಿದ್ರೆ ಹೀಗೇ ಆಗೋದು, ಯಾಕೆ ಹೇಳಲಿಲ್ಲ? ಹೇಳಿದ್ರೆ ಮೇಸ್ತ್ರಿ ಗೇಟಿಂದಾಚೆ ಹಾಕ್ತಿದ್ದ. ಒಂದು ತಿಂಗಳು ಅವನು ಗುಂಡಿ ಬಿಚ್ಚದೆ ಅಂಗಿಯನ್ನು ತಲೆಯಿಂದ ತೂರಿಸಿಕೊಳ್ಳುತ್ತಿದ್ದ, ಗುಂಡಿ ಹಚ್ಚುವ ಹೆಂಡತಿ ಅದನ್ನು ಕೊಬ್ಬು ಅಂದುಕೊಂಡಿದ್ದಳು.

ಸೂಜಿ ಇಳಿಯಿತು, ರಕ್ತ ಏರಿತು, ಮಗಳದೇ ಬಣ್ಣ, ಅವಳು ಅದನ್ನು ನೋಡುತ್ತಿಲ್ಲ, ಕೈ ನೋಡುತ್ತಿದ್ದಾಳೆ, ಲೋಟಾನೂ ನಿಲ್ಲಲ್ಲ, ಲೋಟ ನಿಲ್ಲದ ಕೈಯಲ್ಲಿ ರಾಡು ಎಷ್ಟು ಹೊತ್ತು ನಿಂತೀತು — ಬಿಡೋ ಅಂದಳು, ಅದರಲ್ಲಿ ನಿನ್ನ ಮಗಳಿದ್ದಾಳೆ ಅಂದಳು, ಆಮೇಲೆ ಯಾವುದು ಮೊದಲು ಕೇಳಿಸಿತು, ಚುರ್ರೋ, ಠಣ್ಣೋ? ಪೊಲೀಸಿನವನಿಗೆ ಹೇಳಿದ್ದು ಒಂದು, ಕಿವಿ ಹೇಳುವುದು ಇನ್ನೊಂದು, ಠಣ್ ಎಂದಾಗ ಇಸ್ತ್ರಿ ಇನ್ನೂ ಅವಳ ಕೈಯಲ್ಲೇ ಇತ್ತು, ಗಾಳಿಯಲ್ಲಿತ್ತು, ನಿಲ್ಲಿಸಬಹುದಿತ್ತು, ಮೊದಲು ಠಣ್, ಆಮೇಲೆ ಚುರ್, ಅವನು ರಾಡು ಬಿಟ್ಟನೋ, ರಾಡು ತಾನಾಗಿ ಬಿತ್ತೋ, ಕೇಳಿದರೆ ಅವನು ಹೇಳುತ್ತಾನೆ, ಕೇಳಲು ಬಾಯಿ ಬರುತ್ತಿಲ್ಲ, ಬಿಟ್ಟನೋ ಬಿತ್ತೋ, ಅವಳ ಕಣ್ಣ ಮುಂದೆ ಆ ಕೈ ಪೆಟ್ಟಿಗೆಯ ಮೇಲೆ ಎತ್ತಿದಂತೆಯೇ ನಿಂತಿದೆ, ಮಣಿಕಟ್ಟು ಜೋತುಬಿದ್ದಿದೆ, ಬೆರಳು ಅರೆ ತೆರೆದಿವೆ, ಬಿಟ್ಟನೋ ಬಿತ್ತೋ, ಎತ್ತಿದ ಕೈ, ಅದರಲ್ಲಿ ಏನೂ ಇಲ್ಲ, ಎತ್ತಿದ ಕೈ, ಏನೂ ಇಲ್ಲ