ತೊಟ್ಟು ಎಡಕ್ಕೆ

“ನನ್ ಮಗಳನ್ನ ಜನರ ಮುಂದೆ ನಿಲ್ಸಿ ಮಾತಾಡ್ಸಬ್ಯಾಡ ಕಣೇ. ಕೈಗೊಂದು ಕೆಲ್ಸ ಕೊಡು, ಬಾಯಿ ತಾನೇ ಬಿಡ್ತೈತೆ,” ಎಂದು ಆಸ್ಪತ್ರೆಯ ಮಂಚದ ಮೇಲೆ ಅಕ್ಕ ದಾಕ್ಷಾಯಿಣಿ ಕೇಳಿದ್ದಳು. ಅಕ್ಕ ಎಡಚಿ. ಅವಳ ಎಡ ಅಂಗೈ ಮುಟ್ಟಿ ಆಗಲಿ ಎಂದು ಮಾತು ಕೊಟ್ಟೆ. ಮಾರನೇ ದಿನ ತೀರಿಹೋದಳು. ಇದಾಗಿ ಹತ್ತೊಂಬತ್ತು ವರ್ಷ.

ಆ ಮಗಳು ಭಾಗ್ಯಳನ್ನು ನನ್ನ ಇಬ್ಬರು ಮಕ್ಕಳ ಜೊತೆಗೇ ಬೆಳೆಸಿದೆ. ಮೊನ್ನೆ ಮದುವೆ ಮುಗಿಸಿ, ಹೊಸದುರ್ಗದ ಗಂಡನ ಮನೆ ತುಂಬಿಸಲು ಕರೆದುಕೊಂಡು ಹೋದೆ. ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳದೆ ಸೊಸೆ ಹೊಸಿಲು ದಾಟುವಂತಿಲ್ಲ. ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಭಾಗ್ಯಳ ತುಟಿ ಬಿಳಿಚಿಕೊಂಡಿತು.

“ಪೂಜೆಗೆ ಹೂವೇ ಕಟ್ಟಿಲ್ವಲ್ರಿ! ಕುಂತ್ಕಳ್ರಿ, ಕಟ್ತಾ ಕಟ್ತಾ ಹೇಳಾಣ,” ಎಂದು ಜಗಲಿಯ ಮೇಲೆ ಚಾಪೆ ಹಾಸಿ ಕನಕಾಂಬರದ ಬುಟ್ಟಿ ಸುರಿದೆ. ಒಬ್ಬರು ಹೂ ಜೋಡಿಸಿಡುವುದು, ಇನ್ನೊಬ್ಬರು ಕಟ್ಟುವುದು. ಎಲ್ಲರ ಕಣ್ಣೂ ದಾರದ ಮೇಲೆ.

ಎದುರಿಗೆ ಕುಳಿತ ಬೀಗರ ಕಡೆಯ ವೀರಮ್ಮ ತಲೆ ಎತ್ತದೆಯೇ ತನ್ನ ಗಂಡನ ಒಡಪು ಶುರುಮಾಡಿದಳು: “ಮಲ್ಲಿಗೆ ಮುಡಿದ್ರೆ ಮನೆ ತುಂಬ ಘಮ, ಶಿವಯ್ಯನೋರು ಮಲಗಿದ್ರೆ ಕೇರಿ ತುಂಬ ಗೊರಕೆ!”

ಭಾಗ್ಯ ನಕ್ಕಳು. ಹೂ ಕಟ್ಟುವ ಬೆರಳು ಚುರುಕಾದವು. ಹೂವಿಗಷ್ಟೇ ಹೇಳುವವಳಂತೆ ತನ್ನ ಒಡಪನ್ನು ಪಿಸುಗುಟ್ಟತೊಡಗಿದಳು. ಆಗಲೇ ನಾನು ನೋಡಿದ್ದು. ಅವಳ ಮುಂದೆ ಜೋಡಿಸಿಟ್ಟ ಹೂಗಳ ತೊಟ್ಟೆಲ್ಲ ಎಡಕ್ಕಿದ್ದವು. ಅಕ್ಕ ಇಡುತ್ತಿದ್ದುದು ಹಾಗೆ.

“ಮುದ್ದಕ್ಕ, ನೀವೂ ಎಡಚೇನ್ರಿ?” ಎಂದು ಕೇಳಿದೆ, ಜೋಡಿಸಿಟ್ಟವರು ಭಾಗ್ಯಳ ಅತ್ತೆಯೇ ಇರಬೇಕೆಂದುಕೊಂಡು.

“ಏ, ನಾನೆಲ್ಲಿ ಜೋಡ್ಸಿದೆ? ಆರತಿ ತಟ್ಟೆ ಹಿಡ್ಕಂಡು ಇಲ್ಲೇ ನಿಂತೀನಲ್ಲ,” ಎಂದು ಅವರ ದನಿ ಬಾಗಿಲ ಕಡೆಯಿಂದ ಬಂತು.

ಭಾಗ್ಯಳ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಚಾಪೆ ಮಾತ್ರ ಅಲ್ಲಿ ತಗ್ಗಾಗಿತ್ತು.

“ಸೊಸಿ ಏನಂದ್ಲು? ನಂಗೇನೂ ಕೇಳಿಸ್ಲಿಲ್ಲಪ್ಪ,” ಎಂದರು ಮುದ್ದಕ್ಕ. “ಎಬ್ಸಿ ನಿಲ್ಸಿ ಹೇಳ್ಸ್ರಿ, ವಿಡಿಯೋ ಮಾಡ್ಬೇಕು.”

ಬೆಳಗಿನ ನಾಲ್ಕಕ್ಕೇ ಎದ್ದವಳು ನಾನು. ಮನೆಗೆ ಮರಳಲು ಹಿರಿಯೂರಿನ ಬಸ್ಸು ಹಿಡಿಯುವುದಿತ್ತು. ಬೀಗರ ಮುಂದೆ ಸಣ್ಣವಳಾಗಲು ಮನಸ್ಸಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ತಗ್ಗನ್ನು ನೋಡುತ್ತ ಇನ್ನೊಂದು ಗಳಿಗೆ ಕೂರಲು ನನ್ನಿಂದ ಆಗುತ್ತಿರಲಿಲ್ಲ.

“ಎದ್ದು ಹೇಳಮ್ಮ ಭಾಗ್ಯ,” ಎಂದೆ.

ಎದ್ದಳು. ಮಡಿಲಿನ ಮಾಲೆ ಜಾರಿ ಬಿತ್ತು. ಮೊಬೈಲುಗಳೆಲ್ಲ ಅವಳತ್ತ ತಿರುಗಿದವು. ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

ನಾನು ಕೆಳಗೆ ನೋಡಿದೆ. ಚಾಪೆ ಸಮವಾಗಿತ್ತು. ಹೂವೆಲ್ಲ ಒಂದೇ ರಾಶಿ, ಜೋಡಿ ಒಂದೂ ಇರಲಿಲ್ಲ.

ಅಕ್ಕನಿಗೆ ಕೊಟ್ಟ ಮಾತು ಮುರಿದೆ.