ಪಡುವಲ ಗಾಳಿಗೆ ಬಾಗಿಲು

ದುರುಗಮ್ಮನಿಗೆ ಬಿಸಿಗಾಳಿಯೆಂದರೆ ಹಳೆಯ ವೈರಿ. ಹಾವನ್ನಾದರೂ ಕೋಲು ಹಿಡಿದು ಓಡಿಸಬಹುದು, ಗಾಳಿಯನ್ನು ಹೇಗೆ ಓಡಿಸುವುದು? ಅದಕ್ಕೇ ಈ ಬೇಸಿಗೆಗೆ ಜಗಳೂರು ಸಂತೆಯಿಂದ ಹೊಸ ನೀಲಿ ಟಾರ್ಪಾಲು ತರಿಸಿ, ಕುರಿಮರಿಗಳ ಚಪ್ಪರವನ್ನು ತಾನೇ ಮುಂದೆ ನಿಂತು ಕಟ್ಟಿಸಿದ್ದಳು. ಮೇಲೆ ಮೆಕ್ಕೆಜೋಳದ ದಂಟಿನ ಹೊದಿಕೆ. ಪಡುವಲಕ್ಕೆ ಎರಡು ಪದರ ಗೋಣಿಚೀಲ. ಉಳಿದ ಮೂರು ಕಡೆ ಒಳಗೆ ಗೋಣಿ, ಹೊರಗೆ ಟಾರ್ಪಾಲು. ಮೂಡಲಿಗೆ ಬಾಗಿಲ ಪರದೆ, ಅದು ಹಾರದಂತೆ ಬುಡದಲ್ಲಿ ಎರಡು ಕಲ್ಲು. ಗೋಣಿಗೆ ಆಗಾಗ ನೀರು ಎರಚುತ್ತಿದ್ದರೆ ಒಳಗೆ ತಂಪೋ ತಂಪು ಎಂಬುದು ಅವಳ ಲೆಕ್ಕ.

"ಒಂದು ಸೊಳ್ಳೆ ಒಳಗೆ ತೂರ್ಲಿ ನೋಡಾಣ" ಎಂದು ಬೀಗಿದ್ದಳು.

ಶೇಂಗಾ ಕಿತ್ತ ಹೊಲದಲ್ಲಿ ಮಂದೆ ಬೀಡುಬಿಟ್ಟು ಆರು ದಿನವಾಗಿತ್ತು. ಗಂಡ ಶಿವಮೂರ್ತಪ್ಪ, ಮಗ ಓಂಕಾರ್ ನಸುಕಿನಲ್ಲೇ ದೊಡ್ಡ ಕುರಿಗಳನ್ನು ಹೊಡೆದುಕೊಂಡು ದೂರದ ಗುಡ್ಡದ ಕಡೆ ಹೋದರೆ ಮರಳುವುದು ಹೊತ್ತು ಮುಳುಗುವಾಗ. ಅಲ್ಲಿಯವರೆಗೆ ಹತ್ತೊಂಬತ್ತು ಮರಿಗಳ ಪ್ರಾಣ ಅತ್ತೆ ಸೊಸೆಯರ ಕೈಯಲ್ಲಿ. ಒಂದಕ್ಕೂ ಇನ್ನೂ ತಿಂಗಳು ತುಂಬಿರಲಿಲ್ಲ.

ಸೊಸೆ ಅರುಣಾ ಹೊನ್ನಾಳಿ ಕಡೆಯವಳು, ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದವಳು. ಮದುವೆಯಾಗಿ ಎಂಟು ತಿಂಗಳಾಗಿತ್ತು. ದುರುಗಮ್ಮ ಅವಳನ್ನು "ಚಾನಲ್ ನೀರಿನ ಹುಡುಗಿ" ಎಂದು ಆಡಿಕೊಳ್ಳುತ್ತಿದ್ದಳು. ಆಡಿಕೊಂಡರೂ ಪದ್ಧತಿ ಬಿಟ್ಟಿರಲಿಲ್ಲ. ಹೊಸ ಸೊಸೆಗೆ ಅತ್ತೆಯಾದವಳು ಒಂದು ಹೆಣ್ಣು ಕುರಿಯ ಕೊರಳಿಗೆ ಕೆಂಪು ದಾರ ಕಟ್ಟಿ ಕೊಡಬೇಕು, ಅದರ ಸಂತಾನವೆಲ್ಲ ಸೊಸೆಯದೇ ಎಂಬುದು ಆ ಮನೆಯ ನಡವಳಿಕೆ. ಅರುಣಾಳ ಕುರಿ ಒಂಬತ್ತು ದಿನದ ಹಿಂದೆ ಚೊಚ್ಚಲ ಮರಿ ಹಾಕಿತ್ತು. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಆ ಮರಿಯನ್ನು ಅವಳು ದಿನಕ್ಕೆ ಹತ್ತು ಸಲ ಎತ್ತಿಕೊಳ್ಳುತ್ತಿದ್ದಳು.

ಅಂದು ಬಿಸಿಲು ಹತ್ತು ಗಂಟೆಗೇ ಏರಿತು. ಹನ್ನೊಂದಕ್ಕೆ ಪಡುವಲ ಗಾಳಿ ಎದ್ದಿತು, ಒಲೆಯ ಬಾಯಿಂದ ಬಂದಂಥ ಗಾಳಿ. ಇಬ್ಬರೂ ನಾಲ್ಕೂ ಕಡೆಯ ಗೋಣಿಗೆ ಬಿಡದೆ ನೀರು ಎರಚಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಡ್ರಮ್ಮು ಬರಿದಾಗಿ, ಎರಡನೆಯದು ಅರ್ಧಕ್ಕೆ ಬಂತು. ಟ್ಯಾಂಕರ್ ಬರುವುದು ನಾಳೆ ಬೆಳಗ್ಗೆ.

ಅಷ್ಟು ನೀರು ಕುಡಿದರೂ ಚಪ್ಪರ ತಣ್ಣಗಾಗಲಿಲ್ಲ. ಒಳಗೆ ಕಾಲಿಟ್ಟರೆ ಅಕ್ಕಿ ಬೇಯುವ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ಬಡಿಯುತ್ತಿತ್ತು. ಮರಿಗಳು ಬಾಯಿ ಕಳೆದು, ನಾಲಿಗೆ ಚಾಚಿ, ಪಕ್ಕೆ ಅದುರಿಸುತ್ತ ಬಿದ್ದಿದ್ದವು.

"ಅತ್ತೆ, ಬಾಗ್ಲು ಒಂಚೂರು ತೆಗಿಯಾಣ್ರಿ. ಒಳಗೆ ಉಸಿರಾಡಾಕೆ ಆಗ್ತಿಲ್ಲ" ಎಂದಳು ಅರುಣಾ.

"ತೆಗಿ, ತೆಗಿ! ಬಿಸಿಗಾಳಿ ಒಳಗೆ ಬಂದು ಒಂದೂ ಉಳಿಯಾಕಿಲ್ಲ. ನಿಂಗೇನು ಗೊತ್ತು ಈ ಸೀಮೆ ಗಾಳಿ? ನೀರು ಹಾಕು ಅಂದ್ರೆ ಹಾಕು."

ದುರುಗಮ್ಮನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅವಳು ಈ ಮನೆಗೆ ಬಂದ ವರ್ಷ ಇಂಥದೇ ಒಂದು ಮಧ್ಯಾಹ್ನ, ಅವಳ ಕಾವಲಿನಲ್ಲಿ ಹನ್ನೊಂದು ಮರಿ ಸತ್ತಿದ್ದವು. ಗಾಳಿ ಬರುವ ಕಡೆಯ ಚೀಲ ಬಿಚ್ಚಿಕೊಂಡು ಹಾರಾಡಿದ್ದನ್ನು ಅವಳು ಕಟ್ಟಿರಲಿಲ್ಲ. "ಗಾಳಿ ಬಿಟ್ಟವಳು" ಎಂದು ಅವಳ ಅತ್ತೆ ಸಾಯುವವರೆಗೂ ನೆಂಟರಿಷ್ಟರ ಮುಂದೆಲ್ಲ ಹೇಳಿಕೊಂಡು ಬಂದಳು. ಆ ಮಾತು ದುರುಗಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅದಾದ ಮೇಲೆ ಅವಳು ಗಾಳಿಗೆ ಒಂದು ಬೆರಳಿನಷ್ಟು ದಾರಿಯನ್ನೂ ಕೊಟ್ಟವಳಲ್ಲ.

ಇನ್ನೊಂದು ಸುತ್ತು ನೀರು ಬಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅರುಣಾ ಕೂಗಿದಳು.

ಬಿಳಿ ಚುಕ್ಕೆಯ ಮರಿ ಕತ್ತು ಹಿಂದಕ್ಕೆ ಚೆಲ್ಲಿತ್ತು, ಉಸಿರಿರಲಿಲ್ಲ. ಅರುಣಾ ಅದನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು, ಎರಡೂ ಕೈ ತುಂಬಿದ್ದರಿಂದ ಹೆಗಲಿನಿಂದಲೇ ಪರದೆಯನ್ನು ಸರಿಸಿ ಹೊರಗೆ ಬರಹೋದಳು. ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಪರದೆ ಅವಳ ಹೆಗಲ ಮೇಲೆಯೇ ಇತ್ತು.

"ಹೊರಗೆ ಬಾರೇ, ಗಾಳಿ ತೂರ್ತೈತೆ!"

"ಅತ್ತೆ, ಇಲ್ಲಿ ಬರ್ರಿ." ಅವಳ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನನ್ನ ಬೆನ್ನಿಗೆ ಒಳಗಿಂದ ಗಾಳಿ ಬಡೀತೈತೆ. ತಣ್ಣಗೈತೆ. ಕೈ ಇಟ್ಟು ನೋಡ್ರಿ."

ದುರುಗಮ್ಮ ಬಯ್ಯುವುದಕ್ಕೆಂದೇ ಹತ್ತಿರ ಬಂದಳು. ಬಾಗಿಲಿಗೆ ಕೈ ಒಡ್ಡಿದಳು. ಬಾವಿಯ ಮೆಟ್ಟಿಲಿಳಿದಾಗ ತಾಗುವಂಥ ಗಾಳಿ ಬೆರಳುಗಳ ನಡುವೆ ಹಾದುಹೋಯಿತು. ಒಳಗೆ ಪಡುವಲ ಬದಿಯ ಎರಡು ಮರಿ ಒದ್ದೆ ಗೋಣಿಯ ಕಡೆ ಮೂತಿ ಎತ್ತಿದ್ದವು. ಅರುಣಾ ಪರದೆ ಬಿಟ್ಟಳು, ಗಾಳಿ ನಿಂತಿತು. ಎತ್ತಿದಳು, ಮತ್ತೆ ಬಂತು.

ದುರುಗಮ್ಮ ಅಲ್ಲೇ ನಿಂತಳು. ಹನ್ನೊಂದು ಮರಿ ಸತ್ತ ದಿನ ಗಾಳಿ ಬಂದದ್ದು ನಿಜ, ಆದರೆ ಅಂದು ಚಪ್ಪರಕ್ಕೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಒಣ ಚೀಲ, ಒಣ ಗಾಳಿ. ಇಷ್ಟು ವರ್ಷ ಅವಳು ತಪ್ಪು ವೈರಿಯ ಜೊತೆ ಕಾದಾಡಿದ್ದಳು. ಇಂದು ಹೊಸ ಟಾರ್ಪಾಲಿನಿಂದ ಆ ಗಾಳಿಯನ್ನು ಪೂರ್ತಿ ಗೆದ್ದು, ಸೊಸೆಯ ಮರಿಯನ್ನು ಕೊಂದಿದ್ದಳು.

ಅಳುವುದಕ್ಕೆ ಹೊತ್ತಿರಲಿಲ್ಲ. ಅವಳು ಕುಡುಗೋಲು ತಂದು ಮೂಡಲ ಬದಿಯ ನೀಲಿ ಟಾರ್ಪಾಲನ್ನು ಈ ತುದಿಯಿಂದ ಆ ತುದಿಗೆ ಸೀಳಿ ಕೆಳಗೆಳೆದಳು. ಅದರ ಹಿಂದಿನ ಗೋಣಿಯನ್ನೂ ಕಿತ್ತಳು.

"ಇನ್ನು ಬೇರೆ ಕಡೆಗೆ ನೀರು ಬ್ಯಾಡ. ಪಡುವಲಕ್ಕೆ ಮಾತ್ರ ಹಾಕು. ಚೀಲ ಒಣಗಾಕೆ ಬಿಡಬ್ಯಾಡ."

ಅರುಣಾ ಸತ್ತ ಮರಿಯನ್ನು ಜಾಲಿ ಮರದ ನೆರಳಿನಲ್ಲಿಟ್ಟು ಚೊಂಬು ಹಿಡಿದಳು. ಬಿಸಿಗಾಳಿ ಒದ್ದೆ ಗೋಣಿಯ ನೂಲುಗಳೊಳಗೆ ನುಗ್ಗಿ, ತನ್ನ ಕಾವನ್ನು ಅಲ್ಲೇ ಬಿಟ್ಟು, ತಂಪಾಗಿ ಮರಿಗಳ ಮೇಲೆ ಹಾದು ಮೂಡಲಿಗೆ ಹೋಗತೊಡಗಿತು. ದುರುಗಮ್ಮ ಮರಿಗಳ ಬಾಯಿಗೆ ಹನಿ ಹನಿ ನೀರು ಬಿಟ್ಟಳು, ಕಿವಿ ಒರೆಸಿದಳು. ಅರ್ಧ ಗಂಟೆಯಲ್ಲಿ ಒಂದು ಮರಿ ಮುಂಗಾಲೂರಿ ಎದ್ದು, ಮುಗ್ಗರಿಸಿ, ಮತ್ತೆ ಎದ್ದಿತು.

ಮೂರು ಗಂಟೆಗೆ ಗಾಳಿ ಸತ್ತಂತೆ ನಿಂತುಹೋಯಿತು. ಒಂದು ಎಲೆ ಅಲುಗಲಿಲ್ಲ. ಚಪ್ಪರದೊಳಗೆ ಹಬೆ ಮತ್ತೆ ಕಟ್ಟತೊಡಗಿತು. ಜೀವಮಾನವಿಡೀ ಗಾಳಿಗೆ ಶಾಪ ಹಾಕಿದ ದುರುಗಮ್ಮ ಪಡುವಲಕ್ಕೆ ತಿರುಗಿ, "ಬಾರಪ್ಪ, ನಿನ್ನ ಕಾಲಿಗೆ ಬೀಳ್ತೀನಿ, ಬಾ" ಎಂದು ಬೇಡಿಕೊಂಡಳು. ಅದು ಬರಲಿಲ್ಲ. ಆಗ ಅತ್ತೆ ಸೊಸೆ ಹರಿದ ಟಾರ್ಪಾಲಿನ ಎರಡೆರಡು ಮೂಲೆ ಹಿಡಿದು, ಒದ್ದೆ ಗೋಣಿಯ ಹೊರಗೆ ನಿಂತು, ಕಣದಲ್ಲಿ ಕಾಳು ತೂರುವಾಗ ಗಾಳಿ ಹಾಕುವಂತೆ ಬೀಸಿದರು. ಬೀಸುವುದು, ನೀರು ಎರಚುವುದು, ಮತ್ತೆ ಬೀಸುವುದು. ರಟ್ಟೆ ಬಿದ್ದುಹೋದವು. ಅಂಗೈಯ ಚರ್ಮ ಸುಲಿಯಿತು. ನಾಲ್ಕೂವರೆಗೆ ಗಾಳಿ ತಾನಾಗಿಯೇ ಎದ್ದಾಗ ಡ್ರಮ್ಮಿನ ತಳದಲ್ಲಿ ಎರಡು ಬಿಂದಿಗೆ ನೀರು ಉಳಿದಿತ್ತು. ಹದಿನೆಂಟು ಮರಿ ಉಸಿರಾಡುತ್ತಿದ್ದವು.

ಸಂಜೆ ಮಂದೆ ಬಂತು. ತಾಯಿಕುರಿಗಳು ಅರಚುತ್ತ ನುಗ್ಗಿ, ಮೂಸಿ ಮೂಸಿ ತಮ್ಮ ತಮ್ಮ ಮರಿ ಹುಡುಕಿಕೊಂಡವು. ಕೊನೆಗೆ ಕೆಂಪು ದಾರದ ಕುರಿಯೊಂದೇ ಕೂಗುತ್ತ ಉಳಿಯಿತು. ಚಪ್ಪರದೊಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಕೂಗುವುದು. ಅರುಣಾ ಮುಖ ತಿರುಗಿಸಿಕೊಂಡಳು.

ಶಿವಮೂರ್ತಪ್ಪ ಹರಿದ ಟಾರ್ಪಾಲು ನೋಡಿದ, ಜಾಲಿಯ ಕೆಳಗಿನ ಟವೆಲ್ಲಿನ ಗಂಟು ನೋಡಿದ. ಅವನಿಗೆ ಎಲ್ಲವೂ ತಿಳಿದುಹೋಯಿತು, ಅಂದರೆ ಏನೂ ತಿಳಿಯಲಿಲ್ಲ.

"ಬಾಗ್ಲು ತೆಗೆದು ಗಾಳಿ ಬಿಟ್ರೇನು? ಚಾನಲ್ ಕಡೆಯೋರ ಕೈಗೆ ಮರಿ ಕೊಟ್ರೆ ಇನ್ನೇನಾದೀತು" ಎಂದ.

ಓಂಕಾರ್ ಹೆಂಡತಿಯ ಕಡೆ ನೋಡಿದ. ಅರುಣಾ ತಲೆಯೆತ್ತಲಿಲ್ಲ, ಅತ್ತೆಯ ಹೆಸರನ್ನೂ ಹೇಳಲಿಲ್ಲ. ದುರುಗಮ್ಮ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸೊಸೆಯ ಮೇಲೆ ಒಂದು ಹೆಸರು ಅಂಟಿಕೊಂಡು, ಅವಳು ಮುದುಕಿಯಾಗುವವರೆಗೂ ಬಿಡುತ್ತಿರಲಿಲ್ಲ. ಅದು ಎಷ್ಟು ಉರಿಯುತ್ತದೆ ಎಂಬುದು ದುರುಗಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮರಿ ಸತ್ತಿದ್ದು ನನ್ನಿಂದ" ಎಂದಳು. "ಗಾಳಿ ಬಿಟ್ಟು ಅಲ್ಲ, ಗಾಳಿ ಕಟ್ಟಿ. ಬಾಗ್ಲು ತೆಗಿ ಅಂತ ಆ ಹುಡುಗಿ ಮಧ್ಯಾಹ್ನನೇ ಹೇಳಿದ್ಲು. ನಾನು ಬಾಯಿ ಮುಚ್ಚಿಸಿದೆ. ಉಳಿದ ಹದಿನೆಂಟು ಉಳಿದಿದ್ದು ಅವಳಿಂದ. ಇನ್ನೊಂದು ಸಲ ಚಾನಲ್ ಗೀನಲ್ ಅಂದ್ರೆ ನೋಡ್ರಿ ಮತ್ತೆ."

ಶಿವಮೂರ್ತಪ್ಪ ಹೆಂಡತಿಯ ಸುಲಿದ ಅಂಗೈ ಕಂಡು, ಹರಿದ ಟಾರ್ಪಾಲನ್ನು ತಾನೇ ಮಡಚತೊಡಗಿದ.

ದುರುಗಮ್ಮನ ಸ್ವಂತದ ಕುರಿಗೆ ಎರಡು ಮರಿಗಳಿದ್ದವು. ಅವಳು ಒಂದನ್ನು ಎತ್ತಿಕೊಂಡು ಜಾಲಿಯ ಕೆಳಗೆ ಹೋದಳು. ಸತ್ತ ಮರಿಗೆ ಸುತ್ತಿದ್ದ ಟವೆಲ್ಲನ್ನು ಮೆಲ್ಲನೆ ಬಿಚ್ಚಿ, ಅದರ ವಾಸನೆ ಹತ್ತುವಂತೆ ಈ ಮರಿಯ ಬೆನ್ನಿಗೂ ಬಾಲಕ್ಕೂ ಉಜ್ಜಿ, ಅದನ್ನೇ ಅದರ ಮೈಗೆ ಕಟ್ಟಿದಳು. ಕೆಂಪು ದಾರದ ಕುರಿಯ ಮುಂದೆ ಬಿಟ್ಟಳು. ಕುರಿ ಮೂಸಿತು. ಒಂದು ಸಲ ತಲೆಯಿಂದ ತಳ್ಳಿತು. ಮತ್ತೆ ಬಾಲದ ಹತ್ತಿರ ಮೂಸಿತು.

"ಅತ್ತೆ, ಅದು ನಿಮ್ದು" ಎಂದಳು ಅರುಣಾ.

"ಸದ್ದು ಮಾಡಬ್ಯಾಡ. ಅದು ನೋಡ್ತೈತೆ."

ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದರು. ಕುರಿಯ ಕೂಗು ನಿಂತಿತು. ಅದು ಹಿಂಗಾಲು ಅಗಲಿಸಿ ಕೊಟ್ಟಿತು, ಮರಿ ಕೆಚ್ಚಲಿಗೆ ಬಾಯಿ ಹಾಕಿತು.