ಅರ್ಧ ಹಾಳೆ ಮಣ್ಣು

ಮಮ್ಮುವಿನ ಹೆಣ ಒಳಗೆ ಇರುವಾಗಲೇ ತ್ಯಾಂಪಣ್ಣ ಸುರಂಗದ ಬಾಯಿಗೆ ಕಲ್ಲು ಕಟ್ಟಿಸಿದರು. ನೀರು ಹೊರಗೆ ಬರಲಿಕ್ಕೆ ಬುಡದಲ್ಲಿ ಒಂದು ಗೇಣು ಜಾಗ ಬಿಡಿಸಿದರು.

ಮಮ್ಮುವಿನ ಹೆಂಡತಿ ನೆಬೀಸಳಿಗೆ ಇದು ತಿಳಿದದ್ದು ಅಕ್ಕುವಿನಿಂದ. ಅಕ್ಕು ತ್ಯಾಂಪಣ್ಣನವರ ತೋಟದ ಆಳು. ಬೆಳಿಗ್ಗೆಯಿಂದ ಮುರಕಲ್ಲು ಹೊತ್ತ ತಲೆಯಿಂದ ಸಿಂಬೆ ತೆಗೆಯಲೂ ನೆನಪಾಗದೆ ಓಡಿ ಬಂದು ಅಂಗಳದ ಹೊರಗೇ ನಿಂತಳು. "ಕಟ್ಟಿದ್ದು ಮೇಸ್ತ್ರಿ. ಹೊತ್ತದ್ದು ನಾನು ಮಾರಾಯ್ತಿ," ಎಂದಳು. ನೆಬೀಸ ಬೈಯಲಿಲ್ಲ. ಬೈದಿದ್ದರೆ ಅಕ್ಕುವಿಗೆ ಸಮಾಧಾನವಾಗುತ್ತಿತ್ತೋ ಏನೋ. ಅವಳು ತಲೆ ತಗ್ಗಿಸಿ ಗುಡ್ಡೆ ಇಳಿದು ಹೋದಳು.

ಗುಡ್ಡೆ ಜರಿದು ಮಮ್ಮು ಸುರಂಗದೊಳಗೆ ಮಣ್ಣಡಿಯಾಗಿ ಅದು ಮೂರನೆಯ ದಿನ. ಮೊದಲ ದಿನ ಅಜ್ಜಾವರದ ಅರ್ಧ ಊರು ಸುರಂಗದ ಎದುರು ಸೇರಿತ್ತು. ಮರುದಿನ ಪಟೇಲರು ಬಂದು, ಪಂಚೆ ಎತ್ತಿ ಹಿಡಿದು ಇಣುಕಿ, "ಇನ್ನು ಒಳಗೆ ಎಂತ ಉಂಟು?" ಎಂದು ವಾಪಸಾದರು. ಅಷ್ಟರಲ್ಲಿ ಜರಿದ ಮಣ್ಣಿನ ಎಡೆಯಿಂದ ನೀರು ಒಸರಲಿಕ್ಕೆ ಸುರುವಾಗಿತ್ತು. ಎರಡು ಬೇಸಗೆ ಅಗೆದರೂ ಮುಖ ತೋರಿಸದ ನೀರು ಅಗೆದವನನ್ನು ನುಂಗಿ ಹೊರಗೆ ಬಂತು. ದೇಶದ ಎರಡನೇ ಚುನಾವಣೆಯ ವರ್ಷ ನೆಟ್ಟ ಅಡಕೆ ಸಸಿಗಳು ಕೆಳಗೆ ಬಾಡಿ ನಿಂತಿದ್ದವು. ತ್ಯಾಂಪಣ್ಣ ಕೂಡಲೇ ತೊಟ್ಟಿಗೆ ನೀರು ಹರಿಯಲು ಕಣಿ ಕಡಿಸಿದರು.

ಮೂರನೆಯ ದಿನ ಮಧ್ಯಾಹ್ನ ಜಮಾಅತಿನ ಹಿರಿಯ ಸಾಹುಲ್ ಹಮೀದ್ ಸಾಹುಕಾರರು ನೆಬೀಸಳ ಜಗಲಿಗೆ ಬಂದರು. ಜೊತೆಗೆ ಮಮ್ಮುವಿನ ತಮ್ಮ ಹೈದರ್. ಸಾಹುಕಾರರು ಮಡಚಿದ ಬಿಳಿ ಬಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಬಾಗಿಲ ಮರೆಯಲ್ಲಿದ್ದವಳಿಗೆ ಕೇಳುವ ಹಾಗೆ ಹೇಳಿದರು:

"ಮಸೀದಿಯಲ್ಲಿ ಮಮ್ಮುವಿಗೆ ನಮಾಝ್ ಆಯ್ತು ನೆಬೀಸಾ. ಇನ್ನು ನೀನು ಬಿಳಿ ಉಟ್ಟು ಇದ್ದತ್ ಕೂರ್ಬೇಕು. ನಾಲ್ಕು ತಿಂಗಳು ಹತ್ತು ದಿನ ಈ ಹೊಸ್ತಿಲು ದಾಟ್ಲಿಕ್ಕಿಲ್ಲ."

"ಮೊದಲು ಅವರ ಮಯ್ಯತ್ ಮಣ್ಣಿನಿಂದ ಹೊರಗೆ ಬರ್ಲಿ. ಕೂರ್ತೇನೆ."

"ಮಣ್ಣು ಬಿದ್ದಲ್ಲೇ ಅವನಿಗೆ ಕಬರು ಆಯ್ತು ಅಂತ ತಿಳ್ಕೊ. ಅಲ್ಲಾಹನೇ ತೋಡಿದ ಕಬರು."

"ತೋಡಿದ್ದು ಅವರು. ಮಣ್ಣು ಎಳೆದದ್ದು ನಾನು," ಎಂದಳು ನೆಬೀಸ. "ಕಬರು ಹೌದಾದ್ರೆ ತಲೆಗೊಂದು ಕಾಲಿಗೊಂದು ಮೀಸಾನ್ ಕಲ್ಲು ನೆಡಿ ಸಾಹುಕಾರ್ರೆ. ಕಬರಿನ ನೀರು ಅಡಕೆಗೆ ಬಿಡುದು ಯಾವ ಕಿತಾಬಿನಲ್ಲಿ ಉಂಟು?"

ಸಾಹುಕಾರರು ಗೋಡೆಯ ಕಡೆ ತಿರುಗಿ, "ದುಃಖದಲ್ಲಿ ಬಾಯಿಗೆ ಬಂದದ್ದು ಮಾತಾಡ್ತಾಳೆ," ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ತ್ಯಾಂಪಣ್ಣನವರ ಅಡಕೆ ವರ್ಷವರ್ಷವೂ ಅವರ ಅಂಗಡಿಗೇ ಬರಬೇಕು. ಆ ಗುಡ್ಡೆಯ ಬ್ಯಾರಿಗಳ ಮನೆಗಳೆಲ್ಲ ನಿಂತದ್ದು ತ್ಯಾಂಪಣ್ಣನವರ ಜಾಗದಲ್ಲಿ. ಇಷ್ಟು ಭಾರ ಹೊತ್ತ ಮೇಲೆ ಒಬ್ಬ ಸತ್ತವನನ್ನು ಹೊರಲಿಕ್ಕೆ ಯಾರ ಹೆಗಲು ಖಾಲಿ ಇರುತ್ತದೆ?

"ಹೈದರ್," ನೆಬೀಸ ಒಳಗಿಂದಲೇ ಕರೆದಳು. "ನೀನು ಹೊರಗೆ ನಿಂತು ಹಗ್ಗ ಹಿಡಿದ್ರೆ ಸಾಕು. ಒಳಗೆ ಹೋಗುದು ನಾನು."

"ನಮ್ಮ ಮನೆ ಕೀಳಿಸ್ತಾರೆ ಅತ್ತಿಗೆ. ಮಕ್ಕಳನ್ನು ಕಟ್ಟಿಕೊಂಡು ನಾನು ಎಲ್ಲಿಗೆ ಹೋಗುದು?"

"ನಿನ್ನ ಅಣ್ಣನ ಎದೆ ಮೇಲೆ ನೀರು ಹರೀತಾ ಉಂಟು."

ಹೈದರ್ ಅಳಲಿಕ್ಕೆ ಶುರುಮಾಡಿದ. ಸಾಹುಕಾರರು ಅವನ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಬಿಳಿ ಬಟ್ಟೆ ಹೊಸ್ತಿಲ ಮೇಲೆಯೇ ಉಳಿಯಿತು.

ಊರಿನವರು ಮಮ್ಮು ನೆಬೀಸರನ್ನು ಹೆಗ್ಗಣದ ಜೋಡಿ ಎನ್ನುತ್ತಿದ್ದರು. ಹೆಂಗಸು, ಅದೂ ಬ್ಯಾರಿ ಹೆಂಗಸು, ಗಂಡನ ಹಿಂದೆ ಬಿಲ ಹೊಗುವುದೇ? ಅವಳು ಕಾಣಿಯೂರಿನಿಂದ ಮದುವೆಯಾಗಿ ಬಂದ ವರ್ಷವೇ ಮಮ್ಮುವಿನ ಜೊತೆಯಾಳು ಹೆದರಿ ಕೆಲಸ ಬಿಟ್ಟಿದ್ದ. ಸುರಂಗದ ಕೆಲಸವೆಂದರೆ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ನೀರು ಸಿಗುವ ತನಕ ಕೊರೆಯುತ್ತಾ ಹೋಗುವುದು. ಬಗ್ಗಿದ ಸೊಂಟ ನೆಟ್ಟಗೆ ಮಾಡಲು ಎಡೆಯಿಲ್ಲ. ಅಗೆದ ಮಣ್ಣನ್ನು ಅಡಕೆ ಮರದಿಂದ ಬಿದ್ದ ಅಗಲ ಹಾಳೆಯಲ್ಲಿ ತುಂಬಿ, ಹಗ್ಗ ಕಟ್ಟಿ, ಒಬ್ಬರು ಹೊರಗೆ ಎಳೆಯಬೇಕು. ನೆಬೀಸ ಎಳೆದಳು. ಮಮ್ಮುವಿನ ಹೆಗಲು ಸೋತ ದಿನ ಪಿಕ್ಕಾಸು ಅವಳ ಕೈಗೆ ಬರುತ್ತಿತ್ತು, ಹಾಳೆ ಅವನ ಕೈಗೆ. "ಹೊರಗೆ ಹೇಳ್ಬೇಡ. ಆಮೇಲೆ ಎಲ್ಲರೂ ನಿನ್ನನ್ನೇ ಕರೀತಾರೆ, ನಾನು ಗಂಜಿ ಬೇಯಿಸ್ತಾ ಕೂರ್ಬೇಕು," ಎನ್ನುತ್ತಿದ್ದ.

ದಾರಿಯಲ್ಲಿ ಅವನು ಮುಂದೆ, ಅವಳು ಬಹಳ ಹಿಂದೆ. ಮನೆಯಲ್ಲೂ ಅವನದು ಹ್ಞೂ, ಉಹ್ಞೂ ಅಷ್ಟೆ. ಆದರೆ ಸುರಂಗದೊಳಗೆ ಬೇರೆಯೇ ಮಮ್ಮು. ಚಿಮಿಣಿ ದೀಪದ ಬೆಳಕಿನಲ್ಲಿ ರಾಗ ತಪ್ಪಿಸಿಕೊಂಡು ಹಾಡುತ್ತಿದ್ದ; ಮೀನಿನ ಮುಳ್ಳು ಬಿಡಿಸಿ ಅವಳ ಗಂಜಿಗೆ ಹಾಕುತ್ತಿದ್ದ; ಅವಳ ಹಣೆಯ ಮಣ್ಣನ್ನು ಮಣ್ಣಿನ ಕೈಯಲ್ಲೇ ಒರೆಸಿ ಇನ್ನಷ್ಟು ಮೆತ್ತುತ್ತಿದ್ದ. "ಕಬರಿನೊಳಗೆ ಕೂತು ಗಂಜಿ ಉಣ್ಣುವ ಗಂಡ ಹೆಂಡತಿ ಲೋಕದಲ್ಲಿ ನಾವು ಮಾತ್ರ," ಎಂದು ನಗುತ್ತಿದ್ದ. ಅವಳು ಅವನ ಬಾಯಿ ಮುಚ್ಚುತ್ತಿದ್ದಳು.

ಈ ಬೇಸಗೆಯಲ್ಲಿ ಗಟ್ಟಿ ಕಲ್ಲು ಮುಗಿದು ಸೇಡಿ ಸಿಕ್ಕಿತು. ಬೆಣ್ಣೆಯ ಹಾಗೆ ಬಿಡುವ ಬಿಳಿ ಮಣ್ಣು. ನೀರಿನ ಗುರುತೂ ಅದೇ, ಸಾವಿನ ಗುರುತೂ ಅದೇ. "ಧನಿಗಳೇ, ಮರ ಕೊಡಿ. ಮೇಲಿನ ಮಣ್ಣಿಗೆ ಆನಿಸಿ ಆನಿಸಿ ಅಗೆಯುವ," ಎಂದು ಮಮ್ಮು ಕೇಳಿದ. "ಮರ ಕಡಿದು ತರುವಾಗ ಸಸಿ ಸಾಯ್ತದೆ. ನೀನೆಂತ ನಿನ್ನೆ ಮೊನ್ನೆ ಕಲ್ತವನಾ?" ಎಂದರು ತ್ಯಾಂಪಣ್ಣ. ಅದನ್ನು ಹೊಗಳಿಕೆ ಎಂದುಕೊಂಡು ಅವನು ಹಲ್ಲು ಬಿಟ್ಟಿದ್ದ.

ಗುಡ್ಡೆ ಜರಿದ ಆ ಬೆಳಿಗ್ಗೆ ಹಾಳೆ ಅರ್ಧ ತುಂಬಿದಾಗಲೇ ಅವನು ಕೈ ನಿಲ್ಲಿಸಿದ. ಮೇಲೆ ನೋಡಿದ.

"ಸಾಕು. ತಕ್ಕೊಂಡು ಹೋಗು."

"ಅರ್ಧ ಹಾಳೆ ಮಣ್ಣಿಗೆ ನಾನು ಇಷ್ಟು ದೂರ ತೆವಳುದಾ?"

"ಹೋಗು ಅಂದ್ರೆ ಹೋಗು ಮಾರಾಯ್ತಿ. ದೀಪವೂ ನೀನೇ ಹಿಡ್ಕೊ. ನಾನು ಪಿಕ್ಕಾಸು ತಕ್ಕೊಂಡು ಬಂದೆ."

ದಾರಿಯುದ್ದಕ್ಕೂ ಅವಳು ಗೊಣಗಿದ್ದಳು. ಸೋಮಾರಿ, ಮುದುಕ ಎಂದೆಲ್ಲ ಬೈದಿದ್ದಳು. ಬಿಸಿಲಿಗೆ ಕಾಲಿಟ್ಟದ್ದಷ್ಟೆ, ಹಿಂದೆ, ತುಂಬಿದ ಗೋಣಿಯನ್ನು ಯಾರೋ ನೆಲಕ್ಕಿಳಿಸಿದಂಥ ಸದ್ದು. ದೊಡ್ಡ ಸದ್ದೇನಲ್ಲ. ಒಳಗಿಂದ ಬಂದ ಗಾಳಿಗೆ ಕೈಯಲ್ಲಿದ್ದ ದೀಪ ನಂದಿತು.

ಅಷ್ಟು ವರ್ಷಗಳಲ್ಲಿ ಅವನು ಯಾವತ್ತೂ ಅರ್ಧ ಹಾಳೆ ಕಳಿಸಿದವನಲ್ಲ.

ಸಾಹುಕಾರರು ಹೋದ ಮೇಲೆ, ಬಿಸಿಲು ವಾಲುವಾಗ, ನೆಬೀಸ ಹೊಸ್ತಿಲಿನ ಬಿಳಿ ಬಟ್ಟೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಹೈದರನ ಮನೆಯಿಂದ ಒಂದು ಪಿಕ್ಕಾಸು, ಹಗ್ಗ, ಚಿಮಿಣಿ ದೀಪ ತೆಗೆದುಕೊಂಡಳು; ಯಾರೂ ಕೊಡಲಿಲ್ಲ, ಯಾರೂ ತಡೆಯಲಿಲ್ಲ. ಸುರಂಗದ ಎದುರು ಆ ಹಾಳೆ ಹಾಗೆಯೇ ಬಿದ್ದಿತ್ತು. ಅದರೊಳಗಿನ ಸೇಡಿ ಒಣಗಿ ಬಿರಿದಿತ್ತು. ತೊಟ್ಟಿಯ ಅಂಚಿನಲ್ಲಿ ತ್ಯಾಂಪಣ್ಣ ನಿಂತಿದ್ದರು. ನೀರು ಕನ್ನಡಿಯ ಹಾಗಿತ್ತು. ಅಕ್ಕು ಕಣಿಯ ಕೆಸರು ಬಾಚುತ್ತಿದ್ದಳು.

"ಎಂತ ನೆಬೀಸ ಇದು?" ತ್ಯಾಂಪಣ್ಣನವರ ಸ್ವರ ಮೆತ್ತಗಿತ್ತು. "ನಿನಗೆ ಬೇಜಾರುಂಟು. ನನಗೂ ಉಂಟು. ಇನ್ನೊಂದು ಜೀವ ಹೋಗುದು ಬೇಡ ಅಂತ ಕಟ್ಟಿಸಿದ್ದು."

"ನೀರಿಗೆ ದಾರಿ ಬಿಟ್ಟಿದ್ದೀರಿ ಅಲ್ಲ?"

ಅವರು ಕೆಮ್ಮಿದರು. "ನಿನ್ನ ಮನೆ ಇರುದು ಯಾರ ಜಾಗದಲ್ಲಿ ಅಂತ ನೆನಪುಂಟಾ?"

"ಉಂಟು ಧನಿಗಳೇ. ನನ್ನ ಗಂಡ ಮಲಗಿದ್ದು ಯಾರ ಜಾಗದಲ್ಲಿ ಅಂತಲೂ ನೆನಪುಂಟು."

"ಸೇಡಿ ಮಣ್ಣು! ಮುಟ್ಟಿದ್ರೆ ಪುನಃ ಬೀಳ್ತದೆ. ಸಾಯ್ತೀ!"

"ಅದನ್ನು ಅವರು ಹೇಳಿದ್ರು. ನಿಮಗೇ ಹೇಳಿದ್ರು."

ಅವಳು ಹಾಳೆಯ ಮಣ್ಣನ್ನು ಮೆಲ್ಲ ಒಂದು ಬದಿಗೆ ಸುರಿದಳು. ಆ ಮಣ್ಣಿನ ಮೇಲೆ ಮಯ್ಯತ್ತಿಗೆಂದು ಬಿಳಿ ಬಟ್ಟೆ ಹಾಸಿದಳು. ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಬಿಗಿದು ಇನ್ನೊಂದನ್ನು ನೆಲದ ಮೇಲೆ ಬಿಟ್ಟಳು. ಹಿಡಿಯುವವರು ಯಾರೂ ಇರಲಿಲ್ಲ. ಕಲ್ಲು ಕಟ್ಟಿದ ಮಣ್ಣು ಇನ್ನೂ ಹಸಿಯಾಗಿತ್ತು. ಪಿಕ್ಕಾಸಿನ ಮೊನೆ ಸಂದಿಗೆ ಹೊಕ್ಕಿತು, ಮೊದಲ ಕಲ್ಲು ಸರಿದು ಬಿತ್ತು. ಮತ್ತೊಂದು. ಮತ್ತೂ ಒಂದಿಷ್ಟು. ಆಳು ನುಸುಳುವಷ್ಟು ಕಂಡಿಯಾದಾಗ ಅವಳು ದೀಪ ಹಚ್ಚಿ ಒಳಗೆ ಚಾಚಿದಳು. ಕುಡಿ ಒಂದು ಸಲ ಬಾಗಿ ನೆಟ್ಟಗೆ ನಿಂತಿತು. ಅವಳು ಬಗ್ಗಿ ಒಳಗೆ ಹೋದಳು. ಹಾಳೆ ಅವಳ ಹಿಂದೆ ಸರಿಯುತ್ತಾ ಹೋಯಿತು.

ಕಣಿಯಲ್ಲಿ ನೀರು ಬೆಳ್ಳಗೆ ಕದಡಿ ಬರತೊಡಗಿತು.

"ಅಕ್ಕೂ!" ತ್ಯಾಂಪಣ್ಣ ಕೂಗಿದರು. "ನೋಡುದೆಂತ? ಕಲ್ಲು ವಾಪಸ್ ಇಡು! ಅವಳು ಹೆದರಿ ಹೊರಗೆ ಬರ್ತಾಳೆ. ಇಡು ಅಂದೆ!"

ಅಕ್ಕು ಕೈಯ ಕೆಸರನ್ನು ಸೀರೆಗೆ ಒರೆಸಿಕೊಂಡು ಕಲ್ಲಿನ ಹತ್ತಿರ ಹೋದಳು. ತಲೆಯ ಸಿಂಬೆ ತೆಗೆದು ಅದರ ಮೇಲೆ ಇಟ್ಟಳು. ಆಮೇಲೆ ನೀರಿನಲ್ಲೇ ಕುಕ್ಕರಗಾಲಲ್ಲಿ ಕೂತು ಹಗ್ಗದ ತುದಿಯನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡಳು.

ಹಿಂದಿನಿಂದ ತ್ಯಾಂಪಣ್ಣ ಮತ್ತೆ ಮತ್ತೆ ಅಕ್ಕುವಿನ ಹೆಸರು ಕೂಗುತ್ತಿದ್ದರು. ಉಳಿದ ಹಗ್ಗ ಅವಳ ಅಂಗೈಯ ನಡುವೆ ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋಗುತ್ತಿತ್ತು.